ಅಣ್ಣತಮ್ಮಂದಿರ ಪಾಲು ಬೀದಿಯಾದ ಬಗೆ

ಆನೇಕಲ್ ತಾಲ್ಲೂಕಿನಲ್ಲಿ, ಸರ್ಜಾಪುರ ರಸ್ತೆಗೆ ಹತ್ತಿರವಿರುವ ಮೂರು ಹಳ್ಳಿಗಳು ಮೂವತ್ತು ವರ್ಷಗಳಲ್ಲಿ ಹೇಗೆ ಬೆಂಗಳೂರಾದವು ಎಂಬುದನ್ನು ನಕ್ಷೆಯ ಮೇಲೆ ತೋರಿಸಲು ಹೊರಟಾಗ ನನ್ನ ಬಳಿ ಇದ್ದದ್ದು ಒಂದು ಲ್ಯಾಪ್‌ಟಾಪ್, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಮತ್ತು ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೆಯ ಚಿತ್ರಗಳು. ಈ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿವೆ. ನಾಲ್ಕು ವರ್ಷಗಳ ಚಿತ್ರ ಇಳಿಸಿಕೊಂಡು, ಕಟ್ಟಡವಿರುವಲ್ಲಿ ಕೆಂಪು ಬಳಿದು, ಒಂದರ ಪಕ್ಕ ಒಂದಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಮೋಡವಿರುವುದಿಲ್ಲ ಎಂಬ ಕಾರಣಕ್ಕೆ ಮೊದಲು ಮಾರ್ಚ್ ತಿಂಗಳ ಚಿತ್ರಗಳನ್ನು ಆರಿಸಿದೆ. ಫಲಿತಾಂಶ ಪೂರ್ತಿ ತಪ್ಪಾಯಿತು. ರಾಗಿ ಕೊಯ್ಲಾದ ಬರಿ ಹೊಲ, ಇಟ್ಟಿಗೆ ಗೂಡು, ಒಣಗಿದ ಕೆರೆಯಂಗಳ, ಎಲ್ಲವನ್ನೂ ತಂತ್ರಾಂಶ ಕಟ್ಟಡವೆಂದೇ ಲೆಕ್ಕ ಹಾಕಿತ್ತು. 1992ರಲ್ಲೇ ಆ ಹಳ್ಳಿಗಳು ಅರ್ಧ ಕಾಂಕ್ರೀಟಾಗಿದ್ದವು ಎಂದು ನಕ್ಷೆ ಹೇಳುತ್ತಿತ್ತು. ನೇಗಿಲು ಹೊಡೆದ ಕೆಮ್ಮಣ್ಣಿಗೂ ಹೆಂಚಿನ ಮಾಡಿಗೂ ಉಪಗ್ರಹದ ಕಣ್ಣಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ರಾಗಿ ಹಸಿರಾಗಿರುವಾಗಲೇ ಈ ನೆಲವನ್ನು ನೋಡಬೇಕು. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳಲ್ಲಿ ಮೋಡ ಸರಿದ ಒಂದೊಂದೇ ದಿನವನ್ನು ಹುಡುಕಿ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆ. ಬಯಲುಸೀಮೆಯಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಬೆಳೆ ನೋಡಿ ಚಿತ್ರ ಆರಿಸಿ.

ಎರಡನೆಯ ತೊಡಕು ಇನ್ನೂ ದೊಡ್ಡದು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅದರಲ್ಲಿ ಮೂವತ್ತು ನಲವತ್ತು ಅಡಿಯ ಎಂಟು ಸೈಟುಗಳು ಕೂರುತ್ತವೆ. ಎಂಟರಲ್ಲಿ ಒಂದು ಮನೆ ಎದ್ದರೆ ಆ ಚೌಕ ಇನ್ನೂ ಹೊಲದಂತೆಯೇ ಕಾಣುತ್ತದೆ. ಅಷ್ಟರಲ್ಲಿ ಅಲ್ಲಿನ ಬೇಸಾಯ ನಿಂತು ವರ್ಷಗಳೇ ಆಗಿರುತ್ತವೆ. ಮೂಲೆಗಲ್ಲು ನೆಟ್ಟು, ಜೆಸಿಬಿಯಿಂದ ಬದು ಕೆಡವಿ, ಜಲ್ಲಿ ರಸ್ತೆ ಎಳೆದು, ಸೈಟುಗಳೆಲ್ಲ ಮಾರಾಟವಾದ ಮೇಲೂ ಉಪಗ್ರಹಕ್ಕೆ ಅದು ಬೀಳು ಭೂಮಿಯೇ. ಮನೆ ಕಟ್ಟುವ ದಿನ ಊರು ಬೆಳೆಯುತ್ತದೆಂದು ತಿಳಿದು ನಾನು ನಕ್ಷೆ ಮಾಡುತ್ತಿದ್ದೆ. ಅದು ಬೆಳೆದದ್ದು ಮೂಲೆಗಲ್ಲು ನೆಟ್ಟ ದಿನ.

ಹಾಗಾಗಿ ಆಕಾಶ ಬಿಟ್ಟು ಕಂದಾಯ ದಾಖಲೆಗಳ ಕಡೆ ತಿರುಗಿದೆ. ನಮ್ಮ ಗ್ರಾಮ ನಕಾಶೆಗಳು 1:7920 ಪ್ರಮಾಣದವು, ಅಂದರೆ ನಕಾಶೆಯ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ, 33 ಅಡಿಯ ಅಳತೆ ಸರಪಳಿಯಲ್ಲಿ 20 ಸರಪಳಿ. ಇವನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಲು ಕದಲದ ಗುರುತುಗಳು ಬೇಕು. ರಸ್ತೆಯನ್ನು ನಂಬುವಂತಿಲ್ಲ. ನನಗೆ ನೆರವಾದದ್ದು ಕೆರೆ ಏರಿ, ಹಳೆಯ ಗುಡಿ ಮತ್ತು ಮೂರು ಊರುಗಳ ಗಡಿ ಕೂಡುವ ಕಲ್ಲು. ಅದರ ಮೇಲೆ ಪೋಡಿ ನಕಾಶೆಗಳಿಂದ, ಅಂದರೆ ಜಮೀನು ಪಾಲಾದದ್ದನ್ನು ಅಳೆದು ತೋರಿಸುವ ನಕಾಶೆಗಳಿಂದ, ಹಿಸ್ಸಾಗಳ (ಪಾಲುಗಳ) ಗೆರೆಗಳನ್ನು ಒಂದೊಂದಾಗಿ ಎಳೆದೆ. ವಾರಗಟ್ಟಲೆ ಹಿಡಿಯಿತು.

ಅಷ್ಟಾದ ಮೇಲೆ ಹೊಸ ಬೀದಿಗಳನ್ನು ಅದೇ ಹಾಳೆಯ ಮೇಲೆ ಇಟ್ಟು ನೋಡಿದೆ. ಬೀದಿಗಳು ಹಿಸ್ಸಾ ಗೆರೆಗಳನ್ನು ದಾಟಿ ಎಲ್ಲೂ ಹೋಗಿರಲಿಲ್ಲ.

ಒಂದು ಹಿಸ್ಸಾವನ್ನು ಹತ್ತಿರದಿಂದ ನೋಡೋಣ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಎಲ್ಲರಿಗೂ ದಾರಿ ಸಿಗಲಿ, ಎಲ್ಲರಿಗೂ ಎರೆಯೂ ಮರಳೂ ಸಮನಾಗಿ ಬರಲಿ ಎಂದು ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿದ್ದರು. ಅಂಥ ಒಂದು ಪಟ್ಟಿ ಮೂರು ಸರಪಳಿ ಅಗಲ, 99 ಅಡಿ. ಉದ್ದ 440 ಅಡಿ. ಸರಿಯಾಗಿ ಒಂದು ಎಕರೆ. ಇದನ್ನು ಕೊಂಡವರು ನಡುವೆ ರಸ್ತೆ ಬಿಟ್ಟು, ಎರಡೂ ಮಗ್ಗುಲಿಗೆ 40 ಅಡಿ ಆಳದ ಸೈಟುಗಳನ್ನು ಜೋಡಿಸಿದರು. ಸಾಲಿಗೆ 14ರಂತೆ 28 ಸೈಟು. ರಸ್ತೆಗೆ ಉಳಿದದ್ದು 19 ಅಡಿ. ಕಾಗದದಲ್ಲಿ ಅದು 20 ಅಡಿಯ ರಸ್ತೆ. ಟೇಪು ಹಿಡಿದಾಗ ಒಂದು ಅಡಿ ಸಾಲದು. ಚರಂಡಿಗೆ ಜಾಗವಿಲ್ಲ, ಮರಕ್ಕೆ ಜಾಗವಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮಾಡುವ ಬಡಾವಣೆಯಲ್ಲಿ ಶೇ 15ರಷ್ಟು ಜಾಗ ಉದ್ಯಾನ, ಆಟದ ಮೈದಾನಗಳಿಗೆ ಮತ್ತು ಶೇ 10ರಷ್ಟು ನಾಗರಿಕ ಸೌಲಭ್ಯಗಳಿಗೆ ಮೀಸಲಿರಬೇಕು ಎನ್ನುತ್ತದೆ 1976ರ ಅದರ ಕಾಯ್ದೆ. ಒಂದು ಎಕರೆಯ ಪಟ್ಟಿಯಲ್ಲಿ ಯಾರು ಆಟದ ಮೈದಾನ ಬಿಡುತ್ತಾರೆ?

ಪಕ್ಕದ ಪಟ್ಟಿ ತಮ್ಮನದು. ಅವರು ಮಾರಿದ್ದು ಎಷ್ಟೋ ವರ್ಷಗಳ ನಂತರ, ಬೇರೆಯವರಿಗೆ. ಅಲ್ಲಿ ಮತ್ತೊಂದು 19 ಅಡಿಯ ರಸ್ತೆ. ಎರಡು ರಸ್ತೆಗಳೂ ಕೊನೆಯಲ್ಲಿ ಗೋಡೆಗೆ ಹೋಗಿ ನಿಲ್ಲುತ್ತವೆ, ಒಂದಕ್ಕೊಂದು ಕೂಡುವುದಿಲ್ಲ. ಹಿಂದುಮುಂದಾಗಿ ಮನೆ ಕಟ್ಟಿಕೊಂಡವರು ಒಬ್ಬರ ಮನೆಗೊಬ್ಬರು ಹೋಗಬೇಕಾದರೆ ಮುಖ್ಯರಸ್ತೆಗೆ ಬಂದು ಸುತ್ತಬೇಕು. ಕಸದ ಆಟೊ ಒಳಗೆ ಹೋದರೆ ಹಿಮ್ಮುಖವಾಗಿಯೇ ಹೊರಬರಬೇಕು. ಅದೇ ಹೊಲಗಳ ನಡುವೆ ಮೊದಲು ಬಂಡಿದಾರಿಯೊಂದಿತ್ತು. ನಕಾಶೆಯಲ್ಲಿ ಈಗಲೂ ಚುಕ್ಕೆ ಗೆರೆಯಾಗಿ ಇದೆ. ನೆಲದ ಮೇಲೆ ಅದರ ಅರ್ಧವನ್ನು ಕಾಂಪೌಂಡುಗಳು ನುಂಗಿವೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಆ ಒಂದು ದಾರಿ ಉಳಿದಿದ್ದರೆ ಆರು ಬೀದಿಗಳು ಕೂಡುತ್ತಿದ್ದವು.

ನಗರದ ಗಡಿ ಬಹಳ ತಡವಾಗಿ ಬರುತ್ತದೆ. 2007ರಲ್ಲಿ ನೂರು ವಾರ್ಡುಗಳ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದಾಗಲೂ ನನ್ನ ಮೂರು ಹಳ್ಳಿಗಳು ಹೊರಗೇ ಉಳಿದವು. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ವೈಟ್‌ಫೀಲ್ಡ್. ನಡುವೆ ಸಿಕ್ಕ ಈ ಊರುಗಳಿಗೆ ಕೆಲಸಗಾರರು ಬಂದರು, ಖಾತೆಗಳು ಗ್ರಾಮ ಪಂಚಾಯಿತಿಯಲ್ಲಿ ಆದವು. ನಗರಕ್ಕೆ ಇನ್ನೂ ಹತ್ತಿರವಿರುವ ಎಷ್ಟೋ ಜಮೀನು ವ್ಯಾಜ್ಯದಲ್ಲಿ ಸಿಕ್ಕಿಯೋ ಬೆಲೆ ಏರಲೆಂದು ಕಾದೋ ಖಾಲಿ ಬಿದ್ದಿದೆ. ಅದನ್ನು ಹಾರಿ ಬೆಂಗಳೂರು ಇಲ್ಲಿ ಕುಳಿತಿದೆ. ನೀರು ಟ್ಯಾಂಕರಿನಿಂದ.

ಹಿಸ್ಸಾ ಗೆರೆ, ಬೀದಿ, ಬಂಡಿದಾರಿ, ರಾಜಕಾಲುವೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ, ರಸ್ತೆಗಳನ್ನು ಇನ್ನೂ ಕೂಡಿಸಬಹುದಾದ ಮೂರು ಜಾಗಗಳಿಗೆ ಹಸಿರು ಗುರುತು ಹಾಕಿ, ಅಲ್ಲಿನ ನಿವಾಸಿಗಳ ಮುಂದಿಟ್ಟೆ. ಒಂದು ಕಡೆ ಎರಡೂ ಬೀದಿಯವರು ಕೂತು ಮಾತಾಡಿ ಗೋಡೆ ಒಡೆದರು. ಈಗ ಆ ಕಿಂಡಿಯಲ್ಲಿ ಮಕ್ಕಳು ಸೈಕಲ್ ತಳ್ಳಿಕೊಂಡು ಶಾಲೆಗೆ ಹೋಗುತ್ತಾರೆ. ಉಳಿದ ಎರಡು ಕಡೆ ಮಾತು ನಡೆದಿದೆ. ಒಂದರಲ್ಲಿ ಖಾಲಿ ಸೈಟಿನ ಮಾಲೀಕರು ಒಪ್ಪಿದರೆ ಸಾಕು, ಅವರ ತಳಪಾಯ ಏಳುವ ಮುಂಚೆ.