ಎಐಬಿಇಗೆ ಮೊದಲು ಯಾವ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ) ತೆರೆಯಬೇಕು?

ಸನ್ನದು ಪಡೆದು ಚೇಂಬರ್ ಸೇರುವ ಜೂನಿಯರ್‌ಗಳು ಎಐಬಿಇ, ಅಂದರೆ ಅಖಿಲ ಭಾರತ ವಕೀಲರ ಪರೀಕ್ಷೆಯ ಬಗ್ಗೆ ಕೇಳುವುದು ಒಂದೇ: "ಮೇಡಂ, 19 ವಿಷಯ ಇದೆ, ಎಲ್ಲಿಂದ ಶುರು ಮಾಡಲಿ?" ಹಗಲೆಲ್ಲ ಕೋರ್ಟಿನಲ್ಲಿ ನಿಂತು ಬಂದವರಿಗೆ ರಾತ್ರಿ ಸಿಗುವುದೇ ಸ್ವಲ್ಪ ಹೊತ್ತು. ಅದಕ್ಕೇ ನಾನು ಮೊದಲು ಪಠ್ಯಕ್ರಮದ ಪಕ್ಕದಲ್ಲಿ ಅಂಕ ಬರೆಸುತ್ತೇನೆ.

ಸಂವಿಧಾನ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ತಲಾ 10. ಬಿಎನ್‌ಎಸ್ (ಹೊಸ ದಂಡ ಸಂಹಿತೆ), ಸಾಕ್ಷ್ಯ, ಕೌಟುಂಬಿಕ ಕಾನೂನು, ಕರಾರು ಮತ್ತು ಆಸ್ತಿ ವರ್ಗಾವಣೆಯ ಗುಂಪು ತಲಾ 8. ಏಳು ವಿಷಯಕ್ಕೇ 62 ಅಂಕ ಆಯಿತು. ಪಾಸಾಗಲು 45 ಸಾಕು. ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ 40.

ಮೊದಲು ಸಂವಿಧಾನ. ಸುಪ್ರೀಂ ಕೋರ್ಟ್, ಹೈಕೋರ್ಟ್‌ಗೆ ರಿಟ್ ಹಾಕುವ 32, 226ನೇ ವಿಧಿಗಳನ್ನು ಚೆನ್ನಾಗಿ ಓದಿದರೆ ಪಿಐಎಲ್‌ನ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) 4 ಅಂಕಕ್ಕೂ ದಾರಿಯಾಗುತ್ತದೆ. ಅದರ ಬೆನ್ನಿಗೇ 1961ರ ವಕೀಲರ ಅಧಿನಿಯಮ: ಪುಟ್ಟ ಕಾಯ್ದೆ, ವೃತ್ತಿ ನೀತಿಗೆ 4 ಅಂಕ. ಪುಟಕ್ಕೆ ಇಷ್ಟು ಅಂಕ ಬೇರೆಲ್ಲೂ ಸಿಗುವುದಿಲ್ಲ.

ಸಿಪಿಸಿಯನ್ನು ಒಂದನೇ ಸೆಕ್ಷನ್‌ನಿಂದ ಸಾಲಾಗಿ ಓದಬೇಡಿ. ಸೆಕ್ಷನ್ 10, 11 ಮುಗಿಸಿ ನೇರ ಆರ್ಡರ್‌ಗಳಿಗೆ (ಸಿಪಿಸಿಯ ನಿಯಮಗಳ ಅಧ್ಯಾಯಗಳಿಗೆ) ಹೋಗಿ: 7, 9, 39. ದಿನವೂ ಕೋರ್ಟ್ ಹಾಲ್‌ನಲ್ಲಿ ಕೇಳುವ ತಾತ್ಕಾಲಿಕ ತಡೆಯಾಜ್ಞೆ, ಎಕ್ಸ್‌ಪಾರ್ಟೆ (ಎದುರು ಪಕ್ಷ ಗೈರಾದಾಗಿನ ವಿಚಾರಣೆ) ಇವೇ. ಬೇಗ ತಲೆಗೆ ಹತ್ತುತ್ತವೆ.

ಕ್ರಿಮಿನಲ್ ಕಾನೂನಿಗೆ ಹೆಚ್ಚು ದಿನ ಕೊಡಿ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ, ಕಾಲೇಜಿನಲ್ಲಿ ಹಳೆಯದನ್ನು ಕಲಿತವರ ನಾಲಿಗೆ ಮೇಲೆ ಇನ್ನೂ 302, 420 ಇವೆ. ಈಗ ಕೊಲೆಗೆ 103, ವಂಚನೆಗೆ 318. ಎಫ್‌ಐಆರ್ 154ರಿಂದ 173ಕ್ಕೆ, ನಿರೀಕ್ಷಣಾ ಜಾಮೀನು 438ರಿಂದ 482ಕ್ಕೆ ಹೋಗಿದೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಪ್ರತಿ ಉತ್ತರದ ಪಕ್ಕ ಹೊಸ ಸಂಖ್ಯೆ ಬರೆಯಿರಿ. ಪರೀಕ್ಷೆಗೆ ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಮಾತ್ರ ಒಯ್ಯಬಹುದಾದ್ದರಿಂದ ಈ ಹಳೆ-ಹೊಸ ಸಂಖ್ಯೆಗಳ ಪಟ್ಟಿ ತಲೆಯಲ್ಲೇ ಇರಬೇಕು. ಗೆರೆ ಎಳೆದು ಓದುವ ಪ್ರತಿ ಬೇರೆ, ಒಯ್ಯುವ ಪ್ರತಿ ಬೇರೆ ಇಟ್ಟುಕೊಳ್ಳಿ. ಉಳಿದದ್ದಕ್ಕೆ ಬಾಯಿಪಾಠಕ್ಕಿಂತ, ಪುಸ್ತಕದ ಮುಂದಿನ ಸೆಕ್ಷನ್‌ಗಳ ಪಟ್ಟಿಯಿಂದ ಬೇಕಾದ ಪುಟವನ್ನು ತಟ್ಟನೆ ತೆಗೆಯುವ ಅಭ್ಯಾಸ ಮಾಡಿ.

ಕಂಪನಿ, ಪರಿಸರ, ಸೈಬರ್, ಭೂಸ್ವಾಧೀನ, ಬೌದ್ಧಿಕ ಆಸ್ತಿ ತಲಾ 2 ಅಂಕದವು, ಕೊನೆಯ ವಾರಕ್ಕಿಡಿ. ವ್ಯಾಖ್ಯೆಗಳು, ದಂಡನೆಯ ಸೆಕ್ಷನ್‌ಗಳು, ಹೆಸರಾಂತ ತೀರ್ಪು ಒಂದೆರಡು ಸಾಕು. ಐಟಿ ಕಾಯ್ದೆಯಾದರೆ, 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿದ್ದು ಗೊತ್ತಿರಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಈ ವಿಷಯಗಳಲ್ಲೂ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.