ಹಿಮಕಣ ಹುಡುಕುವ ಉಪಗ್ರಹ ಮತ್ತು ಪುಷ್ಯ ಮಳೆ

ನಾಸಾ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಸೇರಿ 2014ರ ಫೆಬ್ರವರಿಯಲ್ಲಿ ಹಾರಿಸಿದ ಜಿಪಿಎಂ ಉಪಗ್ರಹ ಮಳೆಯನ್ನೂ ಹಿಮಪಾತವನ್ನೂ ಗಮನಿಸುತ್ತದೆ. ಇತರ ಉಪಗ್ರಹಗಳ ಮಾಹಿತಿಯನ್ನೂ ಕೂಡಿಸಿ ತಯಾರಿಸುವ ಐಮರ್ಗ್ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅರ್ಧ ಗಂಟೆಗೊಂದು ಲೆಕ್ಕ, ಸುಮಾರು 11 ಕಿಲೋಮೀಟರ್ ಅಗಲದ ಚೌಕಗಳು. ತೀರ್ಥಹಳ್ಳಿ, ಹೊಸನಗರ ಸೀಮೆಯ ಚೌಕಗಳನ್ನು ಅಡಿಕೆ ಬೆಳೆಗಾರರು ದಿನದ ಮಳೆ ಬರೆದಿಡುವ ಮಳೆ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಎರಡರಲ್ಲೂ ಹೆಚ್ಚುಕಡಿಮೆ ಹೊಂದುತ್ತಿತ್ತು. ಪುನರ್ವಸು, ಪುಷ್ಯ ಮಳೆ ಹಿಡಿದವೆಂದರೆ ಉಪಗ್ರಹದ ಅಂಕಿ ತೀರಾ ಕೆಳಗೆ ಉಳಿಯುತ್ತಿತ್ತು.

ಕಾರಣ ಮೋಡದ ಒಡಲಲ್ಲಿದೆ. ನೆಲದ ಮೇಲಿನ ಮಳೆಯನ್ನು ಅಂದಾಜಿಸುವಾಗ ಉಪಗ್ರಹದ ಮೈಕ್ರೋವೇವ್ ಸಂವೇದಕ ಬಹುಮಟ್ಟಿಗೆ ಮೋಡದೊಳಗಿನ ಹಿಮಕಣಗಳ ಗುರುತನ್ನೇ ನೆಚ್ಚುತ್ತದೆ. ಗುಡುಗಿನ ಮೋಡ ಎತ್ತರಕ್ಕೆ ಬೆಳೆದು ಹಿಮಕಣಗಳನ್ನು ತುಂಬಿಕೊಂಡಿರುತ್ತದೆ. ಗುಡುಗು ಮಿಂಚಿಗೆ ಮೂಲವೂ ಆ ಕಣಗಳ ತಿಕ್ಕಾಟವೇ. ಮುಂಗಾರಿನ ಗಾಳಿ ಘಟ್ಟವೇರುವಾಗ ಹುಟ್ಟುವ ಮೋಡ ಹಲವು ಬಾರಿ ಗಿಡ್ಡದು. ಹಿಮ ಕಡಿಮೆ, ನೀರು ಹೇರಳ. ಆಗುಂಬೆಯಲ್ಲಿ ಸದ್ದಿಲ್ಲದೆ ಹಗಲಿರುಳು ಸುರಿಯುವ ಮಳೆಯ ಬಹುಪಾಲು ಹೀಗೆ ಲೆಕ್ಕ ತಪ್ಪುತ್ತದೆ. ಇದು ಅರ್ಥವಾದ ಮೇಲೆಯೇ ನನಗೆ ಉಪಗ್ರಹದ ಅಂಕಿಯನ್ನು ತಿದ್ದುವ ಗಣಕ ಮಾದರಿ ಕಟ್ಟುವ ಧೈರ್ಯ ಬಂದಿದ್ದು.

ರ‍್ಯಾಂಡಮ್ ಫಾರೆಸ್ಟ್ ಎಂಬ ಯಂತ್ರಕಲಿಕೆಯ ವಿಧಾನ ಬಳಸಿದೆ; ಹಳೆಯ ದಾಖಲೆಗಳಿಂದ ಕಲಿತ ಹಲವು ನಿರ್ಧಾರ ವೃಕ್ಷಗಳ ಉತ್ತರಗಳ ಸರಾಸರಿ ಅದು. ಐಮರ್ಗ್ ಅಂಕಿಯ ಜೊತೆಗೆ ಸ್ಥಳದ ಎತ್ತರ, ಘಟ್ಟದ ಅಂಚಿನಿಂದ ಇರುವ ದೂರ, ಪಡುವಣ ಗಾಳಿಯ ವೇಗ, ತೇವಾಂಶ, ಭಾರತದ ಹವಾಮಾನ ಉಪಗ್ರಹ ಇನ್ಸಾಟ್ ಕಂಡ ಮೋಡದ ನೆತ್ತಿಯ ಉಷ್ಣಾಂಶ ಕೊಟ್ಟೆ. ನಿಜವಾದ ದುಡಿಮೆ ಬೇಡಿದ್ದು ಮಳೆ ಪುಸ್ತಕಗಳು. ಹಳೆಯ ಪುಟಗಳಲ್ಲಿ ಇಂಚು, ಸೆಂಟಿನ (ಇಂಚಿನ ನೂರನೆಯ ಒಂದು ಪಾಲು) ಲೆಕ್ಕ, ಇಂಚಿಗೆ 25.4 ಮಿಲಿಮೀಟರ್‌ನಂತೆ ಬದಲಿಸಬೇಕು. ಬೆಳೆಗಾರರ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಉಪಗ್ರಹದ್ದು ನಮಗಿಂತ ಐದೂವರೆ ಗಂಟೆ ಹಿಂದಿರುವ ಗ್ರೀನಿಚ್ ಗಡಿಯಾರ. ಅಲ್ಲಿನ ಬೆಳಗಿನ 3 ಗಂಟೆಯಿಂದ ಮರುದಿನದ 3 ಗಂಟೆಯವರೆಗೆ ಕೂಡಿಸಿದರೆ ಮಾತ್ರ ಎರಡೂ ಒಂದೇ ದಿನವಾಗುತ್ತವೆ. ಮರದಡಿ ಇಟ್ಟ ಮಳೆ ಮಾಪಕಗಳ ಲೆಕ್ಕವನ್ನು ಪೂರ್ತಿ ಕೈಬಿಟ್ಟೆ.

ಪರೀಕ್ಷೆಗೆ ಅಲ್ಲೊಂದು ಇಲ್ಲೊಂದು ದಿನ ತೆಗೆದಿಟ್ಟರೆ ಸಾಲದು. ಮುಂಗಾರಿನಲ್ಲಿ ನಿನ್ನೆ ಇವತ್ತಿನಂತೆಯೇ ಇರುವುದರಿಂದ ಮಾದರಿ ಸುಲಭವಾಗಿ ಪಾಸಾಗುತ್ತದೆ. ಹಾಗಾಗಿ ಒಂದು ಊರಿನ ಮಾಪಕವನ್ನೇ ಇಡಿಯಾಗಿ ಮರೆಮಾಡಿ, ಉಳಿದವುಗಳಿಂದ ಕಲಿಸಿ, ಆ ಊರಿನ ಮಳೆ ಹೇಳಿಸುತ್ತೇನೆ. ಜುಲೈ ತಿಂಗಳ ಕೊರತೆ ಬಹಳಷ್ಟು ತುಂಬಿತು.

ಅತಿವೃಷ್ಟಿಯ ದಿನಗಳನ್ನು ಮಾತ್ರ ಈ ಮಾದರಿ ಇನ್ನೂ ಕಡಿಮೆಯಾಗಿಯೇ ತೋರಿಸುತ್ತದೆ. ಕಲಿತ ಗರಿಷ್ಠ ಅಂಕಿಯನ್ನು ಮೀರುವುದು ಈ ವಿಧಾನಕ್ಕೆ ಸಾಧ್ಯವಿಲ್ಲ. ಆದ್ದರಿಂದ ನೆರೆಯ ಎಚ್ಚರಿಕೆಗೆ ಇದನ್ನು ಯಾರಿಗೂ ಕೊಡುವುದಿಲ್ಲ. ಮಾಪಕವಿಲ್ಲದ ತೋಟಗಳಿಗೆ ವಾರದ ಮೊತ್ತವನ್ನಷ್ಟೇ ಕಳುಹಿಸುತ್ತೇನೆ. ಅಡಿಕೆಯ ಕೊಳೆ ರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯುವ ದಿನ ಗೊತ್ತುಮಾಡಲು ಬೆಳೆಗಾರರು ಅದನ್ನು ನೋಡುತ್ತಾರೆ.