ರಾತ್ರಿಯ ಅನ್ನವನ್ನು ತೂಗಿ ನೋಡಿದ ಮೇಲೆ

ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವವಳು. ನನ್ನ 43ನೆಯ ವಯಸ್ಸಿನಲ್ಲಿ ಮಂಡಿನೋವಿಗೆಂದು ವೈದ್ಯರ ಬಳಿ ಹೋದಾಗ, ಅವರು ಮಂಡಿ ಮುಟ್ಟಿ ನೋಡುವ ಮೊದಲೇ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 156 ಸೆಂ.ಮೀ. ಎತ್ತರಕ್ಕೆ 74 ಕೆ.ಜಿ. ತೂಕವಿತ್ತು, ಸೊಂಟದ ಸುತ್ತಳತೆ 96 ಸೆಂ.ಮೀ. ಇತ್ತು, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಅಳತೆಯಾದ ಬಿಎಂಐ 30 ದಾಟಿತ್ತು. ನಮ್ಮ ದೇಶದವರಿಗೆ ಬಿಎಂಐ 23ಕ್ಕೆ ಬಂದರೆ ಅಧಿಕ ತೂಕ, 25ಕ್ಕೆ ಬಂದರೆ ಬೊಜ್ಜು ಎಂದೇ ಲೆಕ್ಕ ಹಿಡಿಯುತ್ತಾರೆ. ಹೆಂಗಸರ ಸೊಂಟ 80 ಸೆಂ.ಮೀ. ಮೀರಬಾರದು ಎನ್ನುತ್ತಾರೆ. ರಕ್ತಪರೀಕ್ಷೆಯಲ್ಲಿ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ 6.1 ಬಂತು. 6.5 ಮುಟ್ಟಿದರೆ ಅದು ಸಕ್ಕರೆ ಕಾಯಿಲೆ. ನಮ್ಮಮ್ಮ ಅದೇ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡವರಾದ್ದರಿಂದ ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ.

ಮೊದಲು ಮಾಡಿದ್ದು ತಪ್ಪು ಕೆಲಸ. ಅನ್ನ, ಮುದ್ದೆ, ಚಪಾತಿ ಎಲ್ಲವನ್ನೂ ಒಂದೇ ದಿನ ಬಿಟ್ಟು, ಸೌತೆಕಾಯಿ ಮತ್ತು ಮಜ್ಜಿಗೆಯಲ್ಲಿ ಮೂರು ವಾರ ಕಳೆದೆ. 3 ಕೆ.ಜಿ. ಇಳಿದದ್ದು ಕಂಡು ಹಿಗ್ಗಿದ್ದೆ. ತಂಗಿಯ ಮಗಳ ಮದುವೆಗೆ ಹೋಗಿ ನಾಲ್ಕು ದಿನ ಎಲ್ಲರಂತೆ ಉಂಡು ಬರುವಷ್ಟರಲ್ಲಿ ಎರಡೂವರೆ ಕೆ.ಜಿ. ಮರಳಿ ಬಂದಿತ್ತು. ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ನಾವು ತಿಂದ ಪಿಷ್ಟವನ್ನು ದೇಹವು ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೊಜೆನ್ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಮಿನ ಜೊತೆಗೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಊಟ ನಿಲ್ಲಿಸಿದಾಗ ಮೊದಲು ಇಳಿಯುವುದು ಬಹುಪಾಲು ಆ ನೀರು. ಮತ್ತೆ ಉಂಡ ಕೂಡಲೇ ಅದು ತುಂಬಿಕೊಳ್ಳುತ್ತದೆ. ಒಂದು ಕೆ.ಜಿ. ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಯಷ್ಟು ಕೊರತೆ ಬೀಳಬೇಕು, ಅದು ವಾರದೊಳಗೆ ಆಗುವ ಕೆಲಸವಲ್ಲ.

ಎರಡನೆಯ ಸಲ ಏನನ್ನೂ ಬಿಡದೆ, ನಾನು ನಿಜವಾಗಿ ಎಷ್ಟು ಉಣ್ಣುತ್ತೇನೆ ಎಂಬುದನ್ನು ಹದಿನೈದು ದಿನ ಸುಮ್ಮನೆ ಬರೆದಿಟ್ಟೆ. ಮಗನ ಹಳೆಯ ನೋಟ್‌ಪುಸ್ತಕ ಮತ್ತು ಅಡುಗೆಮನೆಯಲ್ಲಿಡುವ ಒಂದು ಪುಟ್ಟ ತಕ್ಕಡಿ, ಬೇಕಾದದ್ದು ಇಷ್ಟೇ. ಒಂದು ರಾತ್ರಿ ಎಂದಿನಂತೆ ತಟ್ಟೆಗೆ ಅನ್ನ ಬಡಿಸಿಕೊಂಡು, ಸಾರು ಹಾಕುವ ಮೊದಲು ತೂಗಿದೆ. 420 ಗ್ರಾಂ ಇತ್ತು. ಬೆಂದ ಅನ್ನಕ್ಕೆ 100 ಗ್ರಾಮಿಗೆ ಸುಮಾರು 130 ಕ್ಯಾಲೊರಿ ಎಂದು ಹಿಡಿದರೂ ಅನ್ನವೊಂದರಿಂದಲೇ 540ರ ಮೇಲಾಯಿತು. ಅದಕ್ಕೂ ಮುಖ್ಯವಾದದ್ದು ಊಟವಾದ ಮೇಲೆ ಕಂಡಿತು. ಪಾತ್ರೆ ಎತ್ತಿಡುವಾಗ ತಳದಲ್ಲಿ ಉಳಿದ ಎರಡು ಸೌಟು ಅನ್ನಕ್ಕೆ ಮೊಸರು ಕಲಸಿ ನಿಂತುಕೊಂಡೇ ತಿನ್ನುತ್ತಿದ್ದೆ. ಮಗಳು ಬಿಟ್ಟ ಅರ್ಧ ದೋಸೆ, ಡಬ್ಬಿಯಲ್ಲಿ ವಾಪಸು ಬಂದ ಚಿತ್ರಾನ್ನ, ಇವೂ ಹಾಗೆಯೇ ಹೋಗುತ್ತಿದ್ದವು. ಅನ್ನ ಚೆಲ್ಲಬಾರದು ಎಂದು ಕೇಳುತ್ತಾ ಬೆಳೆದ ನಮ್ಮ ತಲೆಮಾರಿನ ಹೆಂಗಸರಿಗೆ ಇದು ಊಟವೆಂದೇ ಅನ್ನಿಸುವುದಿಲ್ಲ. ಹದಿನೈದು ದಿನದಲ್ಲಿ ಅಂಥ ತುತ್ತುಗಳು ಹನ್ನೊಂದು ಸಲ ಬರೆಯಲ್ಪಟ್ಟಿದ್ದವು.

ಆದ್ದರಿಂದ ಮೊದಲ ಬದಲಾವಣೆ ನನ್ನ ತಟ್ಟೆಯಲ್ಲಿ ಆಗಲಿಲ್ಲ, ಅಕ್ಕಿ ಅಳೆಯುವ ಪಾವಿನಲ್ಲಿ ಆಯಿತು. ಐದು ಜನರಿಗೆ ರಾತ್ರಿ ಎರಡು ಪಾವು ಇಡುತ್ತಿದ್ದವಳು ಒಂದೂಕಾಲು ಪಾವಿಗೆ ಇಳಿಸಿದೆ. ಕಡಿಮೆಯಾದ ಜಾಗವನ್ನು ತುಂಬುವುದಕ್ಕೆ ಪಲ್ಯ ಮತ್ತು ಕೋಸಂಬರಿಯ ಪ್ರಮಾಣ ಹೆಚ್ಚಿಸಿದೆ. ಹಿಂದೆ ನಂಚಿಕೊಳ್ಳಲು ಒಂದು ಚಮಚ ಬೀಳುತ್ತಿದ್ದ ಹುರುಳಿಕಾಯಿ ಪಲ್ಯ ಈಗ ಒಂದು ಬಟ್ಟಲಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ತಟ್ಟೆ ಇದೆ: ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ 27 ಗ್ರಾಂ. ತರಕಾರಿಯು ಧಾನ್ಯಕ್ಕಿಂತ ಹೆಚ್ಚು ಎಂಬುದನ್ನು ನೋಡಿ ನನಗೆ ನಮ್ಮ ಮನೆಯ ಊಟ ಎಷ್ಟು ತಲೆಕೆಳಗಾಗಿದೆ ಎಂದು ಅರಿವಾಯಿತು.

ಎಣ್ಣೆಯ ಲೆಕ್ಕ ಇನ್ನೂ ಕಣ್ಣು ತೆರೆಸಿತು. ಒಬ್ಬರು ದಿನಕ್ಕೆ ಎಷ್ಟು ಎಣ್ಣೆ ತಿನ್ನುತ್ತಾರೆಂದು ಒಗ್ಗರಣೆ ನೋಡಿ ಹೇಳಲಾಗದು, ಡಬ್ಬ ನೋಡಿ ಹೇಳಬಹುದು. ಹೊಸ ಡಬ್ಬ ಒಡೆದ ದಿನ ಅದರ ಮೇಲೆ ತಾರೀಖು ಬರೆಯಲು ಆರಂಭಿಸಿದೆ. ಐದು ಜನಕ್ಕೆ ತಿಂಗಳಿಗೆ 6 ಲೀಟರ್ ಆಗುತ್ತಿತ್ತು, ಅಂದರೆ ತಲೆಗೆ ದಿನಕ್ಕೆ ಸುಮಾರು 37 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಎಣ್ಣೆ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕತೊಡಗಿದೆ, ಬಜ್ಜಿ ಬೋಂಡಾ ತಿಂಗಳಿಗೊಮ್ಮೆ ಆಯಿತು. ನಾಲ್ಕನೆಯ ತಿಂಗಳಿಗೆ 4 ಲೀಟರ್ ಸಾಕಾಯಿತು. ಬಸ್ಸಾರು, ಮಸ್ಸೊಪ್ಪು ಇಂಥವಕ್ಕೆ ಮೊದಲಿನಿಂದಲೂ ಎಣ್ಣೆ ಕಡಿಮೆಯೇ. ವಾರದಲ್ಲಿ ಅವು ಹೆಚ್ಚು ಸಲ ಬರುವ ಹಾಗೆ ನೋಡಿಕೊಂಡೆ. ಭಾನುವಾರದ ಕೋಳಿ ಸಾರನ್ನು ನಿಲ್ಲಿಸಲಿಲ್ಲ, ನಿಲ್ಲಿಸುವ ಅಗತ್ಯವೂ ಇರಲಿಲ್ಲ.

ಮುದ್ದೆಯ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ತಪ್ಪು ನಮ್ಮ ಕಡೆ ಬಹಳ ಜನ ಮಾಡುತ್ತಾರೆ. ರಾಗಿ ತಿಂದರೆ ತೂಕ ಇಳಿಯುತ್ತದೆಂದು ನಂಬಿ ನಾನು ಮಧ್ಯಾಹ್ನ ಮುದ್ದೆ ಉಂಡು, ಅದರ ಮೇಲೆ ಅನ್ನವನ್ನೂ ಉಣ್ಣುತ್ತಿದ್ದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶವಂತೂ ಅಕ್ಕಿಗೆ ಹೋಲಿಸಲಾಗದಷ್ಟು ಹೆಚ್ಚು. ಆದರೆ ತೂಕಕ್ಕೆ ತೂಕ ಹಿಡಿದರೆ ರಾಗಿಯ ಕ್ಯಾಲೊರಿ ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ಮುದ್ದೆ ಉಂಡರೆ ಅನ್ನವಿಲ್ಲ, ಅನ್ನವಿದ್ದರೆ ಮುದ್ದೆಯಿಲ್ಲ ಎಂದು ಮಾಡಿಕೊಂಡ ಮೇಲೆಯೇ ರಾಗಿಯಿಂದ ನನಗೆ ಪ್ರಯೋಜನವಾದದ್ದು. ಸೋಮವಾರದ ಒಪ್ಪತ್ತೂ ಹೀಗೆಯೇ. ಅನ್ನ ಬಿಟ್ಟ ಆ ರಾತ್ರಿ ಉಪ್ಪಿಟ್ಟು, ಸಜ್ಜಿಗೆ, ಬಾಳೆಹಣ್ಣು ಸೇರಿ ಉಳಿದ ದಿನಗಳಿಗಿಂತ ಹೆಚ್ಚೇ ಆಗುತ್ತಿತ್ತು. ಈಗ ಒಪ್ಪತ್ತು ಮುಂದುವರಿದಿದೆ, ಸಜ್ಜಿಗೆ ಮಾತ್ರ ಹಬ್ಬಕ್ಕೆ ಹೋಗಿದೆ.

ನನ್ನತ್ತೆಗೆ ಇದೆಲ್ಲ ಸಂಕಟವಾಯಿತು. "ಇಷ್ಟ್ ಉಂಡ್ರೆ ಇಸ್ಕೂಲಲ್ಲಿ ನಿಂತ್ಕೊಂಡು ಪಾಠ ಹೇಳಾಕೆ ಶಕ್ತಿ ಎಲ್ಲಿಂದ ಬತ್ತದೆ ಕಣವ್ವ" ಎಂದು ದಿನವೂ ಕೇಳುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಐದನೆಯ ತಿಂಗಳಲ್ಲಿ ತೂಕ 69ಕ್ಕೆ ಬಂದು ಎರಡು ತಿಂಗಳು ಅಲ್ಲಾಡಲಿಲ್ಲ. ನೋಟ್‌ಪುಸ್ತಕ ಮತ್ತೆ ತೆಗೆದು ನೋಡಿದಾಗ, ಶಾಲೆಯಿಂದ ನಾಲ್ಕೂವರೆಗೆ ಬಂದವಳು ಹಸಿವು ತಡೆಯಲಾರದೆ ಹುರಿದ ಕಡಲೆಬೀಜಕ್ಕೆ ಕೈ ಹಾಕುತ್ತಿದ್ದದ್ದು ಸಿಕ್ಕಿತು. ಒಂದು ಹಿಡಿ, ಅಂದರೆ 30 ಗ್ರಾಂ, ಸುಮಾರು 170 ಕ್ಯಾಲೊರಿ; ನಾನು ತಿನ್ನುತ್ತಿದ್ದದ್ದು ಮೂರು ಹಿಡಿ. ಮಧ್ಯಾಹ್ನದ ಊಟದಲ್ಲಿ ಅನ್ನ ಕಡಿಮೆಯಾಗಿತ್ತೇ ಹೊರತು ಕಾಳು ಹೆಚ್ಚಾಗಿರಲಿಲ್ಲ. ಅಂದಿನಿಂದ ಡಬ್ಬಿಗೆ ಮೊಳಕೆ ಹೆಸರುಕಾಳಿನ ಉಸಲಿ ಅಥವಾ ಹುರುಳಿಕಾಳು, ಕೆಲವು ದಿನ ಎರಡು ಬೇಯಿಸಿದ ಮೊಟ್ಟೆ ಸೇರಿದವು. ಸಂಜೆಯ ಆ ಹಸಿವು ವಾರದೊಳಗೆ ತಗ್ಗಿತು. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಹೋಗುತ್ತಿದ್ದ ಎಂಟು ಚಮಚ ಸಕ್ಕರೆಯನ್ನು ತಿಂಗಳಿಗೆ ಅರ್ಧರ್ಧ ಚಮಚದಂತೆ ಇಳಿಸುತ್ತಾ ಬಂದು ಈಗ ಎರಡು ಲೋಟ, ಒಂದು ಚಮಚಕ್ಕೆ ನಿಲ್ಲಿಸಿದ್ದೇನೆ.

ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ವೈದ್ಯರನ್ನು ಕೇಳದೆ ಅನ್ನ ಕಡಿತಗೊಳಿಸಬೇಡಿ. ಔಷಧದ ಪ್ರಮಾಣ ಬದಲಾಗದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಹದಿಮೂರು ತಿಂಗಳಿಗೆ ನನ್ನ ತೂಕ 66 ಕೆ.ಜಿ., ಸೊಂಟ 88 ಸೆಂ.ಮೀ., ಎಚ್‌ಬಿಎ1ಸಿ 5.6. ಬಿಎಂಐ ಇನ್ನೂ 27ರ ಮೇಲಿದೆ, ಆದ್ದರಿಂದ ಪುಸ್ತಕವನ್ನು ಮುಚ್ಚಿಟ್ಟಿಲ್ಲ. ಮಂಡಿ ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ. ರಾತ್ರಿ ಅನ್ನ ಉಳಿದರೆ ಮುಚ್ಚಿ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಅತ್ತೆಯೇ ಅದಕ್ಕೆ ನಿಂಬೆಹಣ್ಣು ಹಿಂಡಿ, ಅಳೆದ ಎರಡು ಚಮಚ ಎಣ್ಣೆಯಲ್ಲಿ ಒಗ್ಗರಣೆ ಹಾಕಿ ಮಕ್ಕಳ ಡಬ್ಬಿಗೆ ತುಂಬುತ್ತಾರೆ.